ಸಾಲಿನ ಉಳಿದರ್ಧ

ಮೊಲ್ಡೆ
ಮಾರ್ಚ್ ೧೧, ಸೋಮವಾರ

ಪ್ರೀತಿಯ ಸುನ್ನಿವಾ,

“ನಿನ್ನ ಕೈ ನನಗೆ ಕೊಡು...” ನೆನಪಿರುವುದು ಇಷ್ಟೇ. ಮುಂದೆ ಇನ್ನೇನೋ ಇತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಈ ಅರ್ಧ ಸಾಲು ನನ್ನನ್ನು ಬಿಟ್ಟಿಲ್ಲ. ಯಾವುದೋ ಕವಿತೆಯದಿರಬೇಕೆಂದು ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಕವಿತೆಯೇ ಆಗಿದ್ದರೆ ಅದನ್ನು ನೆನೆದಾಗ ನನಗೇಕೆ ಉಸಿರು ಕಟ್ಟಬೇಕು?

ನವೆಂಬರ್ ಕೊನೆಯಲ್ಲಿ ನೀನು ಸೂಪಿನ ಪಾತ್ರೆ ಹೊತ್ತು ಬಂದೆ. ಬಾಗಿಲ ಬಳಿ ಶೂ ಬಿಚ್ಚಿಟ್ಟು ನನ್ನ ಕೈ ಹಿಡಿಯಲು ಬಂದವಳಿಗೆ “ಮುಟ್ಟಬೇಡ, ಹೋಗು” ಎಂದೆ. ಯಾಕೆಂದು ಹೇಳಲಿಲ್ಲ. ನೀನೂ ಕೇಳದೆ ಶೂ ಹಾಕಿಕೊಂಡು ಹೊರಟುಹೋದೆ. ಇವತ್ತು ಹೇಳುತ್ತೇನೆ.

ತೀವ್ರ ನಿಗಾ ಘಟಕದ ಆ ಹತ್ತೊಂಬತ್ತು ದಿನ ನಿಮ್ಮೆಲ್ಲರ ಕಣ್ಣಿಗೆ ನಾನು ನ್ಯುಮೋನಿಯಾದಿಂದ ಹಾಸಿಗೆಯಲ್ಲಿ ಮಲಗಿದ್ದೆ. ನಾನಿದ್ದದ್ದು ನಿಮ್ಮೂರಿಗೆ ಹೋಗಿಬರುವ ಫೆರಿ ಹಡಗಿನ ಕೆಳಗಿನ ಅಂತಸ್ತಿನಲ್ಲಿ, ಕಾರುಗಳು ನಿಲ್ಲುವ ಕಡೆ. ಬೆನ್ನಿಗೆ ತಣ್ಣನೆಯ ಕಬ್ಬಿಣ. ನೀರು ಏರುತ್ತ ಏರುತ್ತ ಬಾಯಿಗೆ ಬಂತು. ಏಳಲು ಹೋದಾಗಲೆಲ್ಲ ನೀನು ನನ್ನ ಮಣಿಕಟ್ಟುಗಳನ್ನು ಅದುಮಿ ಹಿಡಿದೆ. ನೀನು ಅಳುತ್ತಿದ್ದೆ, ಆದರೆ ಬಿಡಲಿಲ್ಲ. ಕನಸಾದರೆ ಬೆಳಗಾಗುತ್ತಲೇ ತೆಳುವಾಗುತ್ತದೆ, ಮಗಳೇ. ಇದು ನೀನು ಹುಟ್ಟಿದ ದಿನ ನೆನಪಿರುವಷ್ಟು ಸ್ಪಷ್ಟವಾಗಿದೆ. ಔಷಧಿಯ ಮಂಪರಿನಲ್ಲಿ ಅನೇಕರಿಗೆ ಹೀಗಾಗುತ್ತದೆ ಎಂದು ವೈದ್ಯರು ಹೇಳಿದರು. ಬುದ್ಧಿ ಒಪ್ಪಿತು. ಫೆರಿ ಕೂಗಿದಾಗ ಮಣಿಕಟ್ಟು ಈಗಲೂ ಒಪ್ಪುವುದಿಲ್ಲ.

ಪ್ರಜ್ಞೆಯಿಲ್ಲದೆ ಮಲಗಿದವರಿಗಾಗಿ ಅಲ್ಲಿಯ ದಾದಿಯರು ದಿನಚರಿ ಬರೆದಿಡುತ್ತಾರಲ್ಲ, ಕಳೆದುಹೋದ ದಿನಗಳು ಮುಂದೆ ಸಿಗಲಿ ಎಂದು. ನನ್ನದನ್ನು ನಿನ್ನೆ ಓದಿದೆ. “ಎದುರು ಬೆಟ್ಟದ ಮೇಲೆ ಮೊದಲ ಹಿಮ ಬಿತ್ತು”, “ನಿನ್ನ ಕೂದಲು ತೊಳೆದೆವು”, “ಮಗಳು ನಿನ್ನ ಕನ್ನಡಕವನ್ನು ದಿನವೂ ಒರೆಸಿಡುತ್ತಾಳೆ”. ಹೆಚ್ಚಿನದೆಲ್ಲ ಇಂಥ ಸಣ್ಣ ಸುದ್ದಿಗಳೇ. ಹನ್ನೆರಡನೆಯ ದಿನದ ಪುಟದಲ್ಲಿ ದಾದಿ ಮಾರಿತ್ ಹೀಗೆ ಬರೆದಿದ್ದಾಳೆ:

“ಗುನ್ವೋರ್, ಇವತ್ತು ನಿದ್ದೆಯ ಔಷಧಿ ಕಡಿಮೆ ಮಾಡಿದೆವು. ಗಂಟಲಿನ ಕೊಳವೆ ಕಿತ್ತೆಸೆಯಲು ಮೂರು ಸಲ ಕೈ ಹಾಕಿದೆ, ಗಟ್ಟಿಗಿತ್ತಿ ನೀನು. ನಾವಿಲ್ಲಿ ಯಾರ ಕೈಯನ್ನೂ ಕಟ್ಟುವುದಿಲ್ಲ, ಪಕ್ಕದಲ್ಲಿ ಕೂತು ಹಿಡಿದುಕೊಳ್ಳುತ್ತೇವೆ. ಸುನ್ನಿವಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ಬೆಳಿಗ್ಗೆಯಿಂದ ಊಟಕ್ಕೂ ಎದ್ದಿಲ್ಲ. ‘ಅಮ್ಮಾ, ನಿನ್ನ ಕೈ ನನಗೆ ಕೊಡು, ಎಚ್ಚರ ಆದ್ಮೇಲೆ ವಾಪಸ್ ಕೊಡ್ತೀನಿ’ ಅಂತ ಅದನ್ನೇ ಹೇಳ್ತಾ ಇದ್ದಾಳೆ.”

ಉಳಿದರ್ಧ ಅಲ್ಲಿತ್ತು.

ನನಗೆ ಎಚ್ಚರವಾಯಿತು. ನೀನು ವಾಪಸ್ ಕೊಡಲು ಬಂದೆ. ನಾನು ಬಾಗಿಲು ತೋರಿಸಿದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಕೈ ಚಾಚಿದರೆ ನಾನು ಇನ್ನೂ ಬೆಚ್ಚಬಹುದು. ಬೆಚ್ಚಿದರೆ ಅದು ಆ ನೀರಿಗೆ, ನಿನಗಲ್ಲ. ಈ ಶನಿವಾರ ಮೇಲೆ ಬಾ. ಕಾಫಿ ಕುಡಿಯೋಣ. ನಿನ್ನ ಕೈ ನಿನ್ನ ಬಟ್ಟಲಿನ ಮೇಲಿರಲಿ, ನನ್ನದು ನನ್ನ ಬಟ್ಟಲಿನ ಮೇಲೆ. ಅಲ್ಲಿಂದ ಶುರುಮಾಡೋಣ.

ನಿನ್ನ ಅಮ್ಮ,
ಗುನ್ವೋರ್

ಮತ್ತೆ: ಆ ದಿನಚರಿ ಈಗ ಬಂದದ್ದಲ್ಲ. ಮಾರಿತ್ ಡಿಸೆಂಬರ್‌ನಲ್ಲೇ ಕೊಟ್ಟಿದ್ದಳು. ಓದಲು ಹೆದರಿ ಮೇಜುಬಟ್ಟೆಗಳ ಅಡಿಯಲ್ಲಿ ಮುಚ್ಚಿಟ್ಟೆ. ನಿನ್ನ ತಪ್ಪಿಲ್ಲ ಎಂದಾದರೆ ತಪ್ಪು ಯಾರದೆಂದು ಗೊತ್ತಿತ್ತು. ನಿನ್ನೆ ಅದನ್ನು ತೆಗೆಸಿದವರು ಕೆಳಮನೆಯ ಒಡ್ವಾರ್. ಮೆಟ್ಟಿಲ ಹಿಮ ಎತ್ತುತ್ತಾರೆಂದು ಚಳಿಗಾಲವಿಡೀ ಅವರಿಗೆ ವಾಫಲ್ ಮಾಡಿ ಕೊಡುತ್ತಿದ್ದೆ. ತಟ್ಟೆ ಹಿಂದಿರುಗಿಸಲು ಬಂದವರು ಒಳಗೆ ಬರಲೊಲ್ಲದೆ ಬಾಗಿಲಲ್ಲೇ ನಿಂತು ಹೇಳಿದರು: “ಇನ್ನು ನಿನ್ನ ವಾಫಲ್ ನನ್ನ ಗಂಟಲಲ್ಲಿ ಇಳಿಯಲ್ಲ, ಗುನ್ವೋರ್. ಎಪ್ಪತ್ತೊಂಬತ್ತು ವರ್ಷದ ಈ ಸೊಂಟ ಹಿಮ ಎತ್ತುತ್ತೆ ಅಂತ ನಂಬಿದ್ಯಲ್ಲ, ನಿನಗೇನು ಹೇಳೋದು. ಎತ್ತಿದ್ದು ನಿನ್ನ ಮಗಳು. ಶನಿವಾರ ಶನಿವಾರ ಮೊದಲ ಫೆರಿಗೆ ಬರ್ತಾಳೆ, ಎತ್ತಿ ಮುಗಿಸಿ ನಿನ್ನ ಕಿಟಕಿ ನೋಡ್ಕೊಂಡು ಹೋಗ್ತಾಳೆ. ಹೇಳಬೇಡ ಅಂದಿದ್ಲು. ಈಗ ಹಿಮ ಕರಗ್ತಾ ಬಂತು. ಇನ್ನು ಯಾವ ನೆಪ ಹೇಳ್ಕೊಂಡು ಬರ್ತಾಳೆ ಆ ಹುಡುಗಿ?”