ಅಮ್ಮನ ಹಲ್ಲಿನ ಸೆಟ್ಟು ಮತ್ತು ನಿಮ್ಮ ‘ತಲುಪಿಸಲಾಗಿದೆ’

ಅಂಚೆ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ತಾಯಿಯ ಹಲ್ಲಿನ ಸೆಟ್ಟನ್ನು ಯಾರದೋ ಮನೆಗೆ ಕೊಟ್ಟಿರಿ. ಪರಿಹಾರ ಕೇಳಿದರೆ, ‘ವಸ್ತುವು ಸುಸ್ಥಿತಿಯಲ್ಲಿ ವಿಳಾಸದಾರರಿಗೆ ತಲುಪಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಉತ್ತರ ಬರೆದಿರಿ. ತಲುಪಿದ್ದು ನಿಜ. ಯಾರು ತಲುಪಿಸಿದರು ಎಂಬ ಸಣ್ಣ ಸಂಗತಿ ತಮ್ಮ ಘನ ಕಚೇರಿಗೆ ತಿಳಿದಂತಿಲ್ಲವಾದ್ದರಿಂದ, ನಾಲ್ಕು ಜನರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಾಯಿ ದೊಡ್ಡಮುನಿಯಮ್ಮ ತುಮಕೂರಿನಲ್ಲಿರುವ ನನ್ನ ಅಕ್ಕ ವರಲಕ್ಷ್ಮಮ್ಮನ ಮನೆಗೆ ಹೋಗಿದ್ದಾಗ, ಸೆಟ್ಟನ್ನು ಬಚ್ಚಲ ಗೂಡಿನಲ್ಲೇ ಮರೆತು ಬಂದಳು. ನನ್ನ ಮಗಳು ಪದ್ಮಶ್ರೀಯ ಮದುವೆ ಹತ್ತಿರ ಬಂದಿತ್ತು. ಅಕ್ಕ ಮದುವೆಗೆ ಬರುವಾಗ ತರುತ್ತೇನೆಂದರೆ, ಅಲ್ಲಿಯವರೆಗೆ ಅಮ್ಮ ಗಂಜಿ ಕುಡಿದುಕೊಂಡಿರಬೇಕೆ? ಅಕ್ಕ ಪಾರ್ಸೆಲ್ ಮಾಡಿದಳು. ವಿಳಾಸ ಸ್ಪಷ್ಟವಾಗಿತ್ತು: ದೊಡ್ಡಮುನಿಯಮ್ಮ, ಕೆರೆ ರಸ್ತೆ, ಪುಟ್ಟೇನಹಳ್ಳಿ, ಯಲಹಂಕ. ಪಿನ್ ಕೋಡ್ ಇತ್ತು, ನನ್ನ ಮೊಬೈಲ್ ನಂಬರೂ ಇತ್ತು. ಆದರೆ ಬೆಂಗಳೂರಿನ ದಕ್ಷಿಣಕ್ಕೂ ಒಂದು ಪುಟ್ಟೇನಹಳ್ಳಿಯಿದೆ, ಅಲ್ಲೂ ಕೆರೆಯಿದೆ. ‘ಪುಟ್ಟೇನಹಳ್ಳಿ’ಯವರೆಗೆ ಓದಿದ ನಿಮ್ಮವರು ಮುಂದಿನ ಪದವನ್ನು ಓದುವ ಕಷ್ಟ ಏಕೆ ತೆಗೆದುಕೊಂಡಾರು?

ಪಾರ್ಸೆಲ್ ಬಾರದೆ ನಾನು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, “ಡೆಲಿವರ್ಡ್ ಅಂತ ತೋರಿಸ್ತಿದೆ ಸರ್” ಎಂದರು.

“ಯಾರಿಗೆ?”

“ಅದು ಸಿಸ್ಟಂನಲ್ಲಿ ಬರಲ್ಲ. ಮನೇಲೇ ಸರಿಯಾಗಿ ಹುಡುಕಿ.”

ಹುಡುಕಿದೆವು ಸ್ವಾಮಿ. ಅಮ್ಮನ ಬಾಯಿಯನ್ನೂ ಬಿಡದೆ ಹುಡುಕಿದೆವು.

ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಸೋಬಾನೆ ಎತ್ತಿಕೊಡುವುದು ನಮ್ಮಮ್ಮನೇ. ಈಗ ಮೊಮ್ಮಗಳ ಮದುವೆಗೇ, “ಅಲ್ಲಿಲ್ದ ಬೊಚ್ಚು ಬಾಯಾಗೆ ಏನ್ ಪದ ಯೋಳಾನ? ನಾನ್ ಬರಾಕಿಲ್ಲ ಕಣಪ್ಪ” ಎಂದು ಕೂತಳು. ಬಲವಂತದಿಂದ ಛತ್ರಕ್ಕೆ ಕರೆದೊಯ್ದೆವು. ಬಳೆ ಶಾಸ್ತ್ರಕ್ಕೆ ಎರಡು ಸಾಲು ಹಾಡಿದಳು. ‘ಸೋಬಾನೆ’ ಎಂಬುದು ಗಾಳಿಯಾಗಿ ಹೊರಬಿತ್ತು. ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ತುಟಿ ಕಚ್ಚಿಕೊಂಡೆ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಾಡು ನಿಲ್ಲಿಸಿದ ಮೇಲೆ ಯಾರಿಗೂ ನಗು ಬರಲಿಲ್ಲ.

ಧಾರೆ ಮುಗಿಯುತ್ತಿದ್ದಂತೆ ನನ್ನ ಮೊಬೈಲಿಗೆ ಒಂದು ಕರೆ ಬಂತು.

“ಭಾಯ್, ನನ್ನ ಹೆಸರು ಜೈಬುನ್ನೀಸಾ, ನಮ್ದು ಈ ಕಡೆ ಪುಟ್ಟೇನಹಳ್ಳಿ. ಊರಿಗೆ ಹೋಗಿದ್ದೆ, ಇವತ್ತು ಬಂದು ನೋಡಿದ್ರೆ ಬಾಗಿಲ ಹತ್ರ ನಿಮ್ದು ಪಾರ್ಸೆಲ್ ಬಿದ್ದಿತ್ತು. ಇಲಿ ಕಡಿದು ಬಾಕ್ಸ್ ಹರಿದಿದೆ. ಒಳಗೆ ಹಲ್ಲಿದೆ. ಪಾಪ, ಅಮ್ಮ ಊಟ ಹೆಂಗೆ ಮಾಡ್ತಾ ಇದಾರೆ?”

ಪಾರ್ಸೆಲ್ ಮೇಲಿದ್ದ ನಂಬರಿಗೆ ಫೋನ್ ಮಾಡಬಹುದೆಂದು ಹೊಳೆದದ್ದು ಈ ಒಬ್ಬರಿಗೇ. ನಾನು ಮದುವೆಯ ವಿಷಯ ಹೇಳಿ, ನಾಳೆ ಬಂದು ಒಯ್ಯುತ್ತೇನೆ ಎಂದೆ. “ನಾಳೆ ತಗೊಂಡು ಏನ್ಮಾಡ್ತೀರಿ? ಛತ್ರ ಎಲ್ಲಿದೆ ಹೇಳಿ” ಎಂದವರು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಬೆವೆತು ಬಂದೇಬಿಟ್ಟರು. ಹೆಣ್ಣೊಪ್ಪಿಸುವ ಹೊತ್ತಾಗಿತ್ತು. ಅಮ್ಮ ಕೈತೊಳೆಯುವಲ್ಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಸೆಟ್ಟು ಹಾಕಿಕೊಂಡು ಬಂದು, ಮೊಮ್ಮಗಳ ಕೈ ಹಿಡಿದು ಹಾಡಿದಳು. ನಕ್ಕಿದ್ದ ಹುಡುಗಿಯರೆಲ್ಲ ಅತ್ತರು. ಹಾಡಿನ ಒಂದು ಪದವೂ ಗೊತ್ತಿಲ್ಲದ ಜೈಬುನ್ನೀಸಾ ಎಲ್ಲರಿಗಿಂತ ಹೆಚ್ಚು ಅತ್ತರು.

ಇದನ್ನೇ ತಾವು ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ನಿಮ್ಮ ಸಾಧನೆಯ ಲೆಕ್ಕಕ್ಕೆ ಹಾಕಿಕೊಂಡಿದ್ದೀರಿ. ಸಂತೋಷ. ಹಾಗಾದರೆ ಜೈಬುನ್ನೀಸಾ ಅಂದು ನಿಮ್ಮ ಇಲಾಖೆಯ ನೌಕರರಾಗಿದ್ದರು ಎಂದಾಯಿತು. ಅವರ ಆ ದಿನದ ಸಂಬಳವನ್ನೂ ಪ್ರಯಾಣ ಭತ್ಯೆಯನ್ನೂ ಕೂಡಲೇ ಮಂಜೂರು ಮಾಡಿ. ತಡವಾದದ್ದಕ್ಕೆ ನಿಯಮದಂತೆ ಬರಬೇಕಾದ ಪರಿಹಾರವನ್ನು ಅಕ್ಕನಿಗೆ ಕೊಡಿ. ಅರ್ಧಕ್ಕೆ ನಿಂತ ಆ ಹಾಡಿಗೆ ನಿಮ್ಮ ನಿಯಮಾವಳಿಯಲ್ಲಿ ಪರಿಹಾರವಿಲ್ಲ. ಅದಕ್ಕೆ ತಾವು ಖುದ್ದಾಗಿ ಮನೆಗೆ ಬಂದು ಅಮ್ಮನೆದುರು “ತಪ್ಪಾಯ್ತಮ್ಮ” ಎನ್ನಬೇಕು. ಹೆದರಬೇಡಿ, ಅವಳು ಬೈಯುವುದಿಲ್ಲ. “ಬಿಸ್ಲಾಗೆ ಬಂದವ್ರೆ, ಪಾಪ” ಎಂದು ಎಲೆ ಹಾಕಿ ಊಟಕ್ಕಿಕ್ಕುತ್ತಾಳೆ. ಅದನ್ನು ನುಂಗುವುದು ಬೈಗುಳಕ್ಕಿಂತ ಕಷ್ಟ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಸಂತೃಪ್ತನಾಗಿರುವ,
ನಂದಕುಮಾರ್
ಪುಟ್ಟೇನಹಳ್ಳಿ, ಯಲಹಂಕ