ಹೊಳೆಯಲ್ಲಿ ಎಷ್ಟು ಜನ?

ನಡುಗಡ್ಡೆ ಕೆಳದಂಡೆ
ಮರುಹೊಳೆಯ ಎಪ್ಪತ್ತೊಂದನೆಯ ವರ್ಷ, ಕೆಂಪುನೀರಿನ ತಿಂಗಳು, ಮೂವತ್ತಾರನೆಯ ದಿನ

ಗೇಟಿನ ಲೆಕ್ಕದ ಸ್ಕ್ರಿಪ್ಟ್ ಬರೆದವರಿಗೆ,

ಬರೆಯುವುದು ನನ್ನ ಕೆಲಸವಲ್ಲ. ಓದಿದವರು ಊರಲ್ಲಿ ಬೇಕಾದಷ್ಟಿದ್ದಾರೆ. ಆದರೆ 'ನಿನ್ನ ಸಿಟ್ಟು ಅಷ್ಟು ದೂರ ಮುಟ್ಟತದವ್ವ, ನಮ್ದು ಮುಟ್ಟಂಗಿಲ್ಲ' ಎಂದು ಎಲ್ಲರೂ ಕೈ ತೊಳೆದುಕೊಂಡು ನನ್ನನ್ನು ಕೂರಿಸಿದರು. ನಾನು ಹುಲಿಗೆವ್ವ, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಹರಿಗೋಲು ಹತ್ತಿದವಳು. ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಇಲ್ಲವೇ ಸಹಿಸಿಕೊಳ್ಳಿ. ಮೂವತ್ತಾರನೆಯ ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ಹೊಳೆ ಮರಳಿ ಹರಿದಂದಿನಿಂದ ನಮ್ಮ ವರ್ಷದ ಎಣಿಕೆ, ಹೊಳೆ ಬಣ್ಣ ಬದಲಿಸಿದಾಗ ನಮ್ಮ ತಿಂಗಳು ಬದಲಾಗುತ್ತದೆ. ಈ ಕಾಗದ ಅಷ್ಟು ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೇಗೆ ಬರುತ್ತದೋ ನನಗೂ ತಿಳಿಯದು. ಬರುತ್ತದೆ ಎಂದಿದ್ದಾರೆ. ಬಂದರೆ ಪೂರ್ತಿ ಓದಿ.

ನಾವು ಹೊಳೆಯ ಮೇಲೇ ಬದುಕುವವರು. ಮೀನು, ಸಜ್ಜೆ ರೊಟ್ಟಿ, ಹರಿಗೋಲು, ಇಷ್ಟೇ ನಮ್ಮ ಆಸ್ತಿ. ಹರಿಗೋಲಿಗೆ ಚರ್ಮ ಸಿಗುವುದಿಲ್ಲ, ನಿಮ್ಮ ಕಾಲದ ಫ್ಲೆಕ್ಸ್ ಹೊದಿಸುತ್ತೇವೆ. ಅದು ಕೊಳೆಯುವುದೇ ಇಲ್ಲ. ನನ್ನ ಹರಿಗೋಲಿನ ತಳದಲ್ಲಿ ಯಾವನೋ ಪುಢಾರಿ ಇಂದಿಗೂ ಕೈ ಮುಗಿದು ನಗುತ್ತಿದ್ದಾನೆ. ಮೇಲೆ ತಡೆಗೋಡೆ, ಅದರ ತುದಿಗೆ ಎಣಿಕೆಮನೆ. ಮಳೆ, ನೀರಿನ ಮಟ್ಟ ಎಲ್ಲ ಕೂಡಿಸಿ ಕಳೆದು ಗೇಟು ಎಷ್ಟು ಎತ್ತಬೇಕು ಎಂದು ಲೆಕ್ಕ ಹಾಕುವ ಯಂತ್ರ ಅಲ್ಲಿದೆ. ಅದರೊಳಗೆ ಕೂತಿರುವುದು ನೀವು ಬರೆದ ಸ್ಕ್ರಿಪ್ಟ್, ಯಂತ್ರ ಸಾಲು ಸಾಲಾಗಿ ಪಾಲಿಸುವ ಅಪ್ಪಣೆಗಳು. ಎತ್ತುವ ಮೊದಲು ಅದು ಒಂದು ಪ್ರಶ್ನೆ ಕೇಳುತ್ತದೆ: 'ಹೊಳೆಯಲ್ಲಿ ಎಷ್ಟು ಜನ?'

ಮೊದಲು ಉತ್ತರ ಕೊಡಲು ಸಂಗವ್ವ ಇದ್ದಳು. ಬೆಳಗಾದರೆ ಗೋಡೆ ಹತ್ತಿ 'ಯಾರದೀರ್ರೋ ಹೊಳ್ಯಾಗ?' ಎಂದು ಕೂಗುತ್ತಿದ್ದಳು. ಒಂದೊಂದು ಹರಿಗೋಲಿನಿಂದ ಒಂದೊಂದು ಕೂಗು ಬರುತ್ತಿತ್ತು. ನನ್ನ ತಮ್ಮ ಯಂಕೋಬ ದಿನವೂ 'ನಿನ್ನ ಗಂಡ ಅದೀನಿ!' ಎನ್ನುವನು. 'ನನ್ನ ಗಂಡಗ ಇಷ್ಟು ಬಾಯಿ ಇರಲಿಲ್ಲ, ದಂಡಿಗೆ ಬಾರೋ ಮೂಳಾ' ಎಂದು ಬೈದು, ಎಣಿಸಿ, ಒಳಗೆ ಹೋಗಿ ಕೀಲಿಮಣೆ ಒತ್ತುತ್ತಿದ್ದಳು. ಎಲ್ಲರೂ ದಂಡೆಗೆ ಬಂದು ಅವಳು ಸೊನ್ನೆ ಒತ್ತುವವರೆಗೆ ಗೇಟು ಅಲ್ಲಾಡುತ್ತಿರಲಿಲ್ಲ.

ಅವಳ ಮೊಣಕಾಲು ಸೋತವು. ಆಗ ನಮ್ಮ ಜಾಣರು 'ಕುಂತು ಕಾಯೋ ಕೆಲಸ ಯಾಕ? ತಾನೇ ಏಳ್ತದ, ತಾನೇ ಮಾಡ್ಕೊಂತದ' ಎಂದು ಸ್ಕ್ರಿಪ್ಟ್ ದಿನಾ ತಾನಾಗಿ ಓಡುವಂತೆ ಮಾಡಿದರು. ಎಣಿಕೆಮನೆಯ ಗಡಿಯಾರ ಇನ್ನೂ ನಿಮ್ಮ ತಾರೀಖನ್ನೇ ತೋರಿಸುತ್ತದೆ. ಜುಲೈ ಒಂಬತ್ತರ ಬೆಳಿಗ್ಗೆ ಗೇಟು ಎದ್ದಿತು. ಯಂಕೋಬ ನಡುಹೊಳೆಯಲ್ಲಿ ಬಲೆ ಎಳೆಯುತ್ತಿದ್ದ. ಹರಿಗೋಲಷ್ಟೇ ಸಿಕ್ಕಿತು.

ಎಣಿಕೆಮನೆ ನೋಡಿಕೊಳ್ಳುವ ನೀಲಗಂಗಾ ಎಲ್ಲ ತೆರೆದು ನೋಡಿ ಬಂದಳು. 'ಕೇಳ್ಯದ ಅತ್ತಿ, ಆದ್ರ ನಿಂತಿಲ್ಲ' ಎಂದಳು. ಎದುರಿಗೆ ಮನುಷ್ಯರಿದ್ದರೆ ನಿಮ್ಮ ಪ್ರಶ್ನೆ ಕಾಯುತ್ತದಂತೆ. ಯಾರೂ ಕೂರದೆ ತಾನೇ ಓಡಿದರೆ, ಕೇಳಿದ ಕ್ಷಣವೇ ಖಾಲಿಯನ್ನು ಉತ್ತರವೆಂದು ಎತ್ತಿಕೊಂಡು, ಖಾಲಿಯನ್ನು ಸೊನ್ನೆಯೆಂದು ಕೂಡಿಸಿ ಮುಂದೆ ಹೋಗುತ್ತದಂತೆ. ಬಾಗಿಲು ಬಡಿದು, ಒಳಗಿನವರು ಎದ್ದು ಬರುವ ಮೊದಲೇ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬೆಂಕಿ ಇಡುವುದು ಯಾವ ನ್ಯಾಯ?

ತಿಳಿಯದೆ ಮಾಡಿದಿರಿ ಎಂದುಕೊಂಡಿದ್ದೆ. ಆದರೆ ಯಂತ್ರ ಓದದೆ ಬಿಡುವ, ಮನುಷ್ಯರಿಗೆಂದು ಬರೆದಿಡುವ ಸಾಲುಗಳಿರುತ್ತವಂತಲ್ಲ, ಆ ಪ್ರಶ್ನೆಯ ಪಕ್ಕದಲ್ಲೇ ನಿಮ್ಮದೊಂದಿದೆ: 'ತಾನಾಗಿ ಓಡಿದರೆ ಇಲ್ಲಿ ಕಾಯುವುದಿಲ್ಲ. ಆಮೇಲೆ ಸರಿ ಮಾಡೋಣ.' ನಾವೇ ಆ ಆಮೇಲೆ. ನಮ್ಮಲ್ಲಿ ಯಾರೂ ಆ ಸಾಲು ಓದಲಿಲ್ಲ, ಅದು ನಮ್ಮ ತಪ್ಪು. ಬರೆದು ಎದ್ದು ಹೋದದ್ದು ನಿಮ್ಮದು.

ನಮ್ಮ ಗೇಟನ್ನು ತಿದ್ದಿಕೊಂಡಿದ್ದೇವೆ. ಈಗ ಬೆರಳು ತಾಗುವವರೆಗೆ ಅದು ನಿಲ್ಲುತ್ತದೆ. ಕೂಗುವ ಕೆಲಸ ನಾನು ಹಿಡಿದಿದ್ದೇನೆ, ಗಂಟಲು ಇರುವವರೆಗೆ ಬಿಡುವುದಿಲ್ಲ. ಇದರಿಂದ ನಾಳೆ ಹೊಳೆಗೆ ಇಳಿಯುವವರು ಉಳಿಯುತ್ತಾರೆ. ಯಂಕೋಬ ಉಳಿಯುವುದಿಲ್ಲ. ಅವನನ್ನು ದಂಡೆಗೆ ತರುವುದು ನಿಮ್ಮ ಕೈಯಿಂದ ಮಾತ್ರ ಸಾಧ್ಯ.

ಸಬೂಬು ಬೇಡ, ಕಣ್ಣೀರೂ ಬೇಡ. ಸ್ಕ್ರಿಪ್ಟ್ ತೆರೆಯಿರಿ. ಉತ್ತರ ಬರುವವರೆಗೆ ಅದನ್ನು ನಿಲ್ಲಿಸಿ. ಉತ್ತರ ಖಾಲಿಯಿದ್ದರೆ ಗೇಟು ಮುಚ್ಚಿಯೇ ಇರಲಿ. ಆಮೇಲೆ ನಿಮ್ಮ ಆ ಹಳೆಯ ಸಾಲಿನ ಕೆಳಗೆ 'ಸರಿ ಮಾಡಿದೆ' ಎಂದು ಬರೆಯಿರಿ. ಅಷ್ಟು ವರ್ಷ ಆ ಸಾಲು ಉಳಿಯಿತಲ್ಲ, ಇದೂ ಉಳಿದು ನಮಗೆ ಮುಟ್ಟುತ್ತದೆ.

ನಿಮ್ಮ ಲೆಕ್ಕದ ಬರುವ ಜುಲೈ ಎಂಟರೊಳಗೆ ಉತ್ತರ ಬರಬೇಕು. ಒಂಬತ್ತಲ್ಲ, ಎಂಟು.

ಅಂಬಿಗರ ಹುಲಿಗೆವ್ವ