ಅಪ್ಪನ ಮುಖದ ಮೇಲಿನ ಗೆರೆ

ಕೊಳ್ಳೇಗಾಲ
17-11-2024

ನನ್ನ ಮೀನಕ್ಕನಿಗೆ,

ಕ್ಷೇಮವೇ ಎಂದು ಕೇಳಲೂ ನನಗೆ ಮುಖವಿಲ್ಲ. ನಿನ್ನೆ ಅಪ್ಪನ ಹನ್ನೊಂದನೇ ದಿನದ ಕಾರ್ಯಕ್ಕೆ, ಯಾರಿಂದಲೋ ಸುದ್ದಿ ತಿಳಿದು, ನೀನು ಹೂಗ್ಯಂನಿಂದ ಬಂದೆ. ಬೀದಿಯ ಮೂಲೆಯಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್ ಮುಂದೆ ನಿಂತು, ‘ದುಃಖತಪ್ತರು’ ಎಂಬುದರ ಕೆಳಗಿನ ಹೆಸರುಗಳನ್ನು ನೀನು ಓದುತ್ತಿದ್ದುದನ್ನು ಮಹಡಿಯಿಂದ ನೋಡಿದೆ. ನಿನ್ನ ಹೆಸರಿರಲಿಲ್ಲ. ತಂದಿದ್ದ ಹಾರವನ್ನು ಅಲ್ಲೇ ಕಂಬಕ್ಕೆ ಸಿಕ್ಕಿಸಿ, ಮನೆಗೆ ಬರದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ನಾನು ಕೂಗಲಿಲ್ಲ.

ಆ ಫ್ಲೆಕ್ಸ್ ನನ್ನ ಅಂಗಡಿಯದೇ. ಊರಿನವರ ಹುಟ್ಟುಹಬ್ಬ, ಸಾವು ಎಲ್ಲವನ್ನೂ ಪ್ರಿಂಟ್ ಮಾಡುವ ನನಗೆ ಅಪ್ಪನದನ್ನು ಬೇರೆಯವರಿಗೆ ಕೊಡಲು ಮನಸ್ಸು ಬರಲಿಲ್ಲ. ಮೊದಲನೇ ಪ್ರಿಂಟಿನಲ್ಲಿ ನಿನ್ನ ಹೆಸರಿತ್ತು ಅಕ್ಕ, ಅವ್ವನ ಹೆಸರಿನ ಕೆಳಗೇ. ಆದರೆ ಅಪ್ಪನ ಮುಖದ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು, ಹೊಕ್ಕಿನ ಎಳೆ ತಪ್ಪಿದ ಸೀರೆಯಂತೆ. ನೋಡಿದವಳೇ ಅವ್ವ ಅಳತೊಡಗಿದಳು. “ಅವ್ಳ ಎಸ್ರು ಆಕಿದ್ಕೇ ಕಣವ್ವಾ ಇಂಗಾಗಿರೋದು. ಮನೆ ಬಿಟ್ಟೋದೋಳ ಎಸ್ರು ಬ್ಯಾಡ ಅಂತ ನಿಮ್ಮಪ್ಪಾರೇ ಯೋಳ್ತಾವ್ರೆ. ತೆಗ್ದಾಕು,” ಅಂದಳು. ಎಂಟು ವರ್ಷದ ಹಿಂದೆ ನೀನು ಮೆಚ್ಚಿದವನ ಜೊತೆ ಹೋದಾಗಿನ ಸಿಟ್ಟು ಅವಳಲ್ಲಿ ಹಾಗೇ ಇದೆ.

ಗೆರೆಗೆ ಕಾರಣ ನನಗೆ ಗೊತ್ತಿತ್ತು. ಅಪ್ಪನನ್ನು ಕಾಮಗೆರೆ ಆಸ್ಪತ್ರೆಗೆ ಸೇರಿಸಿದ್ದ ಐದು ದಿನ ಅಂಗಡಿ ಮುಚ್ಚಿತ್ತು. ಮೆಷಿನ್ನಿನ ಹೆಡ್ ಒರೆಸುವವರಿಲ್ಲದೆ, ಅದರ ಸಣ್ಣ ತೂತುಗಳಲ್ಲಿ ಇಂಕು ಒಣಗಿ ಕೂತಿತ್ತು. ಒಂದೊಂದು ತೂತಿಗೂ ಒಂದೊಂದು ಗೀಟು ಬೀಳುವ ಟೆಸ್ಟ್ ಪ್ರಿಂಟ್ ತೆಗೆದೆ. ಪ್ರತಿ ಸಲವೂ ಅದೇ ಜಾಗದ ಗೀಟುಗಳು ಕಾಣೆ. ಶೀಟು ಎಳೆಯುವ ರೋಲರಿನ ತಪ್ಪಾಗಿದ್ದರೆ ಗೀಟೆಲ್ಲ ಪೂರ್ತಿ ಬರುತ್ತಿದ್ದವು. ಸಾಲ್ವೆಂಟಿನಲ್ಲಿ ಅದ್ದಿದ ಬಟ್ಟೆಯನ್ನು ಹೆಡ್ಡಿಗೆ ಒತ್ತಿ ಹಿಡಿದೆ, ಸಿರಿಂಜಿನಿಂದ ತೊಳೆದೆ. ನಾಲ್ಕನೇ ಟೆಸ್ಟಿಗೆ ಒಂದು ಗೀಟೂ ತಪ್ಪಿರಲಿಲ್ಲ. ಎಲ್ಲ ಸರಿಯಾದ ಮೇಲೆ ಕಂಪ್ಯೂಟರ್ ಮುಂದೆ ಕುಳಿತು ನಿನ್ನ ಹೆಸರು ಅಳಿಸಿದೆ.

ಎರಡನೇ ಪ್ರಿಂಟು ಚೊಕ್ಕವಾಗಿ ಬಂತು. ಅವ್ವ ಅದಕ್ಕೆ ಕೈಮುಗಿದು, “ನೋಡ್ದಾ?” ಅಂದಳು. ಹೆಡ್ ತೊಳೆದೆ ಕಣವ್ವಾ ಎನ್ನುವ ಮಾತು ತುಟಿಯವರೆಗೆ ಬಂತು. ಆಡಲಿಲ್ಲ. ಅಪ್ಪನೇ ನಿನ್ನ ಹೆಸರು ಬೇಡವೆಂದರೆಂದು ಅವ್ವ ಈಗ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಯಳಂದೂರಿನ ಅತ್ತೆಯವರೆಗೂ ಮುಟ್ಟಿದೆ.

ನಿನ್ನ ಕಿವಿಗೂ ಬೀಳುತ್ತದೆ. ನಂಬಬೇಡ. ಅದು ಒಣಗಿದ ಇಂಕು, ಅಷ್ಟೇ. ನಾನು ಅವ್ವನ ಅಳುವಿಗೆ ಹೆದರಿದ ಹೇಡಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಇಷ್ಟನ್ನೂ ಹೇಳಲಾರೆನೆಂದು ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಅಂಜನಾ

ತಾ.ಕ.: ಅವ್ವನಿಗೆ ಹೆದರಿದೆ ಎಂದದ್ದು ಪೂರ್ತಿ ನಿಜವಲ್ಲ. ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಕೇಳಿದ್ದು ಒಂದೇ, “ಮೀನಾ ಬಂದ್ಲಾ?” ಎಂಟು ವರ್ಷ ಅವರನ್ನು ನೋಡಿಕೊಂಡವಳು ನಾನು, ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಫೋನ್ ಮಾಡಿದೆ, ಅಕ್ಕ ಎತ್ತುತ್ತಿಲ್ಲ ಎಂದೆ. ನಾನು ಮಾಡಿರಲೇ ಇಲ್ಲ. ಅವರು ಅದನ್ನು ನಂಬಿಕೊಂಡೇ ಹೋದರು.